ರಿಪೋರ್ಟ್ ಎಲ್ಲಾ ನಾರ್ಮಲ್, ನಿಂತರೆ ಮಾತ್ರ ಆಗಲ್ಲ

ಜ್ವರ ಬಂದಾಗ ಎಲ್ಲರೂ ನಂಬಿದರು. 2018ರ ಮಳೆಗಾಲ, ಕನ್ನಂಬಾಡಿ ಕಟ್ಟೆ ತುಂಬಿದ ವರ್ಷ. ಬೀದಿಯ ಡ್ರಮ್ಮು, ತೊಟ್ಟಿ, ಹಳೇ ಟೈರು ಎಲ್ಲದರಲ್ಲೂ ನೀರು ನಿಂತಿತ್ತು. ಅರ್ಧ ಬೀದಿಯ ಜನ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದರು. ಚಿಕುನ್‌ಗುನ್ಯಾ ಅಂದರೆ ಏನು ಅಂತ ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ, 2006ರಲ್ಲಿ ರಾಜ್ಯದ ತುಂಬಾ ಹಬ್ಬಿದಾಗಲೇ ಪರಿಚಯ ಆಗಿತ್ತು. ಪಕ್ಕದ ಮನೆಯವರು ಗಂಜಿ ತಂದುಕೊಟ್ಟರು. ಹೆಡ್‌ಮಾಸ್ಟರು ನನ್ನ ರಜೆ ಅರ್ಜಿಯನ್ನು ಓದದೇ ಸಹಿ ಹಾಕಿದರು.

ಗಂಟು ನೋವು ಮೂರ್ನಾಲ್ಕು ತಿಂಗಳಲ್ಲಿ ಇಳಿಯಿತು. ಬೀದಿಯವರೆಲ್ಲ ಎದ್ದು ಕೆಲಸಕ್ಕೆ ಹೋದರು. ನಾನೂ ಹೋದೆ, ಆದರೆ ಮೊದಲಿನ ಮನುಷ್ಯ ಹೋಗಲಿಲ್ಲ. ನಾನು ಇಲ್ಲೇ ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ದಿನಕ್ಕೆ ಐದು ಪೀರಿಯಡ್ ನಿಂತು ಪಾಠ ಮಾಡಿ, ಸಂಜೆ ಊರಿಗೆ ಹೋಗಿ ಗದ್ದೆಗೆ ನೀರು ಕಟ್ಟಿ ಬರುತ್ತಿದ್ದವನು. ಈಗ ಎರಡನೇ ಪೀರಿಯಡ್ ಮುಗಿಯೋ ಹೊತ್ತಿಗೆ ಕಾಲು ನನ್ನದಲ್ಲ ಅನ್ನಿಸುತ್ತಿತ್ತು. ಎದೆ ಡವಡವ, ಕಿವಿಯಲ್ಲಿ ಗುಂಯ್, ಬೋರ್ಡಿನ ಅಂಚು ಮಸುಕು. ಕೂತರೆ ಸ್ವಲ್ಪ ಪರವಾಗಿಲ್ಲ. ಮಲಗಿದರೆ ಇನ್ನೂ ಪರವಾಗಿಲ್ಲ. ರಾತ್ರಿ ಎಂಟು ಗಂಟೆ ನಿದ್ದೆ ಮಾಡಿ ಎದ್ದರೂ ಈಗಷ್ಟೇ ಕಬ್ಬು ಕಡಿದು ಬಂದವನ ಹಾಗೆ ಮೈ ಸೋತಿರುತ್ತಿತ್ತು.

ಒಂದು ದಿನ ಹತ್ತನೇ ಕ್ಲಾಸಿಗೆ ವರ್ಗ ಸಮೀಕರಣ ಮಾಡುತ್ತಿದ್ದೆ. ವರ್ಷಾನುಗಟ್ಟಲೆ ಹೇಳಿಕೊಟ್ಟ ಪಾಠ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬೇಕು. ಮೈನಸ್ ಬಿ, ಪ್ಲಸ್ ಆರ್ ಮೈನಸ್ ಅಂತ ಬರೆದೆ. ಆಮೇಲೆ ಏನು ಅಂತ ಹೊಳೆಯಲಿಲ್ಲ. ಚಾಕ್‌ಪೀಸ್ ಬೋರ್ಡಿಗೆ ಒತ್ತಿಕೊಂಡೇ ಇತ್ತು, ಅದರ ತುದಿ ಮುರಿದು ಬಿತ್ತು. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ "ಸಾರ್, ರೂಟ್" ಅಂದಳು. ಹಿಂದಿನವರು ನಕ್ಕರು. ಮರೆವು ಎಲ್ಲರಿಗೂ ಇರುತ್ತೆ, ಅದು ಬೇರೆ. ಇಲ್ಲಿ ತಲೆಯೊಳಗೆ ಆ ಜಾಗವೇ ಖಾಲಿ. ಅರ್ಧ ಗಂಟೆ ಸ್ಟಾಫ್ ರೂಮಿನ ಬೆಂಚಿನ ಮೇಲೆ ಮಲಗಿ ಎದ್ದರೆ ಸೂತ್ರ ತಾನಾಗಿ ವಾಪಸ್ ಬಂತು. ಇದನ್ನು ಡಾಕ್ಟರಿಗೆ ಹೇಳಿದರೆ ಏನಂತ ಬರೆದುಕೊಂಡಾರು?

ಬರೆದುಕೊಳ್ಳಲಿಲ್ಲ. ರಕ್ತ ಬರೆದುಕೊಟ್ಟರು. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಲಿವರ್, ಕಿಡ್ನಿ, ಬಿ12, ವಿಟಮಿನ್ ಡಿ. ಡಿ ಸ್ವಲ್ಪ ಕಮ್ಮಿ ಇತ್ತು, ಮಾತ್ರೆ ತಗೊಂಡೆ, ಡಿ ಸರಿಹೋಯಿತು, ನಾನು ಹೋಗಲಿಲ್ಲ. ಇಸಿಜಿ ಮಾಡಿದರು, ಎಕೋ ಮಾಡಿದರು. ಎಲ್ಲಾ ನಾರ್ಮಲ್. ಒಬ್ಬ ಡಾಕ್ಟರು ಫೈಲ್ ಮುಚ್ಚಿ ನಗುತ್ತಾ, "ಇಷ್ಟು ಚೆನ್ನಾಗಿರೋ ರಿಪೋರ್ಟ್ ನಂದೇ ಇಲ್ಲ ಮೇಷ್ಟ್ರೇ, ಆರಾಮಾಗಿ ಮನೆಗೆ ಹೋಗಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಕ್ಯಾಬಿನ್‌ನಿಂದ ಹೊರಗೆ ಬಂದು ಔಷಧಿ ಅಂಗಡಿ ಮುಂದೆ ಎರಡು ನಿಮಿಷ ನಿಲ್ಲೋಕಾಗದೆ ಮೆಟ್ಟಿಲ ಮೇಲೆ ಕೂತವನಿಗೆ ಆ ಮಾತು ಹೇಗಿರುತ್ತೆ ಹೇಳಿ.

ಆಮೇಲೆ ಶುರುವಾಯಿತು. ಗ್ಯಾಸ್ಟ್ರಿಕ್ ಅಂದರು. ಟೆನ್ಷನ್ ಅಂದರು. ಹೊಸ ಸೈಟಿಗೆ ಸಾಲ ಮಾಡಿದೀರಾ ಅಂತ ಕೇಳಿದವರಿದ್ದಾರೆ. ಮನೆಯಲ್ಲಿ ಹೊಂದಾಣಿಕೆ ಇದೆಯಾ ಅಂತ ಹೆಂಡತಿಯ ಮುಂದೆಯೇ ಕೇಳಿದವರಿದ್ದಾರೆ. ಅವಳು ಆಟೋದಲ್ಲಿ ಕೂತ ಮೇಲೆ, "ಇರೋದು ಚೆನ್ನಾಗೇ ಇದೆ, ಈ ಡಾಕ್ಟರ ಹತ್ರ ಇನ್ನೊಂದ್ಸಲ ಬಂದ್ರೆ ಕೆಡುತ್ತೆ" ಅಂದಳು. ಒಂದು ವಿಷಯ ಗಮನಿಸಿದೆ. ನಾನು "ಸುಸ್ತು" ಅಂದ ತಕ್ಷಣ ಡಾಕ್ಟರ ಕಣ್ಣು ಫೈಲಿನಿಂದ ಗಡಿಯಾರಕ್ಕೆ ಹೋಗುತ್ತೆ. ಅವರದ್ದೂ ತಪ್ಪಲ್ಲ ಬಿಡಿ. ಹೊರಗೆ ನಲವತ್ತು ಜನ ಟೋಕನ್ ಹಿಡಿದು ಕೂತಿರುತ್ತಾರೆ, ಅವರಲ್ಲಿ ಮೂವತ್ತು ಜನಕ್ಕೆ ಸುಸ್ತೇ.

ಊರಿನಲ್ಲಿ ಇನ್ನೊಂದು ಥರ. ನಮ್ಮದು ಪಾಂಡವಪುರದ ಕಡೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಈಗಲೂ ಬೆಳಗಿನ ಜಾವ ಎದ್ದು ನಾಲೆ ತೂಬಿನ ಹತ್ತಿರ ಹೋಗುತ್ತಾರೆ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನೋ ಗಾದೆಯನ್ನು ಪೂರ್ತಿ ನಂಬಿದ ಮನುಷ್ಯ. ನಾನು ಮಧ್ಯಾಹ್ನ ಮಲಗಿದ್ದು ಕಂಡರೆ ಮಾತಾಡುತ್ತಿರಲಿಲ್ಲ, ಅಂಗಳದಲ್ಲಿ ಗುದ್ದಲಿ ಇಡೋ ಸದ್ದು ಸ್ವಲ್ಪ ಜೋರಾಗುತ್ತಿತ್ತು. ಚಿಕ್ಕಪ್ಪ ಮಾತ್ರ ನೇರ: "ಕುಂತು ತಿನ್ನೋ ಸಂಬ್ಳ ಕಣ್ಲಾ ನಿಂದು, ಮೈ ಬಗ್ಸಿದ್ರೆ ಎಲ್ಲಾ ಸರೋಯ್ತದೆ." ಅವ್ವ ದೃಷ್ಟಿ ತೆಗೆದಳು, ಮೆಣಸಿನಕಾಯಿ ಘಾಟು ಬರಲಿಲ್ಲ, ಅಂದರೆ ದೃಷ್ಟಿ ದೊಡ್ಡದು ಅಂತ ತೀರ್ಮಾನವಾಯಿತು. ಗಂಜಾಂ ನಿಮಿಷಾಂಬ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಕೇಳಿದ್ದನ್ನು ಒಂದೇ ನಿಮಿಷದಲ್ಲಿ ಕೊಡುವ ತಾಯಿ ಅಂತ ಪ್ರತೀತಿ. ಕ್ಯೂನಲ್ಲಿ ನಿಲ್ಲೋದೇ ನನ್ನ ಸಮಸ್ಯೆ ಅನ್ನೋದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಇಲ್ಲೊಂದು ಸಂಗತಿ ಹೇಳಲೇಬೇಕು, ಯಾಕಂದ್ರೆ ಮುಂದೆ ಇದೇ ಕೆಲಸಕ್ಕೆ ಬಂತು. ನಮ್ಮ ಕಡೆ ಸುಸ್ತು ಅಂದರೆ ಬಾಟಲಿ ಹಾಕಿಸಿಕೊಳ್ಳೋದು ವಾಡಿಕೆ. ಗ್ಲುಕೋಸ್ ಅಂತಾರೆ, ಒಳಗೆ ಇರೋದು ಬಹಳ ಸಲ ಬರೀ ಸಲೈನ್, ಅಂದರೆ ಉಪ್ಪು ನೀರು. ನಾನೂ ಹಾಕಿಸಿಕೊಂಡೆ. ಒಂದು ಬಾಟಲಿ ಇಳಿಯೋ ಹೊತ್ತಿಗೆ ಮೈ ಹಗುರ. ಎದ್ದು ನಿಂತರೆ ತಲೆ ತಿರುಗಲ್ಲ. ಆ ಸಂಜೆ ಪೇಟೆ ಬೀದಿಯಲ್ಲಿ ತರಕಾರಿ ಕೊಂಡು ನಡೆದೇ ಮನೆಗೆ ಬಂದೆ. ಮಾರನೇ ದಿನಕ್ಕೆ ಮತ್ತೆ ಅದೇ ರಾಗ. ಇದನ್ನು ಒಬ್ಬ ಡಾಕ್ಟರಿಗೆ ಹೇಳಿದರೆ ಅವರಿಗೆ ಖುಷಿಯಾಯಿತು. "ನೋಡಿದ್ರಾ, ಉಪ್ಪು ನೀರಿಗೆ ಹೋಗೋ ಕಾಯಿಲೆ ಅಂದ್ರೆ ಕಾಯಿಲೆಯೇ ಇಲ್ಲ ಅಂತ ಅರ್ಥ." ಮನಸ್ಸಿನದ್ದು ಅಂತ ಅವರ ಲೆಕ್ಕ ಅಲ್ಲಿಗೆ ಪಕ್ಕಾ ಆಯಿತು.

ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೇಳಿದ ಸಲಹೆ ಮಾತ್ರ ನನ್ನನ್ನು ನೆಲಕ್ಕೆ ಹಾಕಿತು. ಜ್ವರ ಬಂದು ಮಲಗಿ ಮಲಗಿ ಮೈ ಒಗ್ಗದೇ ಹೋಗಿದೆ, ಡೀಕಂಡಿಷನಿಂಗ್ ಅಷ್ಟೇ, ದಿನಾ ವಾಕಿಂಗ್ ಮಾಡಿ, ವಾರ ವಾರ ಸ್ವಲ್ಪ ಏರಿಸಿ, ಸುಸ್ತಾದರೂ ನಿಲ್ಲಿಸಬೇಡಿ ಅಂದರು. ರೈಲಿನ ಓಡಾಟ ಬೇಡ ಅಂತ ಬೇಸಿಗೆ ರಜೆಗೆ ಮೈಸೂರಿನಲ್ಲಿ ಭಾವಮೈದನ ಮನೆಯಲ್ಲಿ ಉಳಿದೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡಿಗೆ. ಮೊದಲು ಅರ್ಧ ಸುತ್ತು, ಆಮೇಲೆ ಪೂರ್ತಿ ಸುತ್ತು. ನಡೆಯುವಾಗ ಹೇಗೋ ನಡೆದುಬಿಡುತ್ತಿದ್ದೆ, ಅದೇ ಮೋಸ. ಹಠ ಹೊತ್ತು ಒಂದು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಹೋದೆ. ಸಾವಿರದ ಮೇಲೆ ಮೆಟ್ಟಿಲಿವೆ, ನಾನು ನಂದಿಯವರೆಗೆ ಹೋಗಿ ಇಳಿದೆ. ಆ ದಿನ ಚೆನ್ನಾಗೇ ಇದ್ದೆ, ಮಸಾಲೆ ದೋಸೆ ಕೂಡ ತಿಂದೆ. ಸೋಮವಾರ ಮೈ ಭಾರ. ಮಂಗಳವಾರ ಬೆಳಗ್ಗೆ ಹಲ್ಲುಜ್ಜೋಕೆ ಕೈ ಎತ್ತೋಕಾಗಲಿಲ್ಲ. ಗಂಟಲು ನೋವು, ಜ್ವರ ಬಂದ ಹಾಗೆ ಮೈಯೆಲ್ಲ ನೋವು, ಥರ್ಮಾಮೀಟರಿನಲ್ಲಿ ಮಾತ್ರ ಏನಿಲ್ಲ. ಕಿಟಕಿ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಭಾವಮೈದನ ಮಗು ಟಿವಿ ಹಾಕಿದರೆ ಅಳು ಬರುತ್ತಿತ್ತು, ನಿಜವಾಗಿಯೂ ಅಳು. ಸ್ಕೂಲ್ ಶುರುವಾದ ಮೇಲೂ ಬಹಳ ದಿನ ಏಳಲಿಲ್ಲ. ವಾಪಸ್ ಹೋಗಿ ಹೇಳಿದರೆ, ನೀವು ಸರಿಯಾಗಿ ಮಾಡಿಲ್ಲ ಅಂದರು.

ಈ ಮಾರನೇ ದಿನದ ಲೆಕ್ಕ ಹಿಡಿದದ್ದು ನಾನಲ್ಲ, ಗಣಿತದ ಮೇಷ್ಟ್ರಾದರೂ. ನನ್ನ ಹೆಂಡತಿ. ಅಡುಗೆ ಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಹಾಲಿನ ಲೆಕ್ಕ ಬರೆಯುತ್ತಾಳೆ, ಅರ್ಧ ಲೀಟರಿಗೆ ಒಂದು ಗೀಟು. ಅದರ ಪಕ್ಕದಲ್ಲೇ ನಾನು ಬಿದ್ದ ದಿನಕ್ಕೆ ಒಂದು ಸೊನ್ನೆ ಹಾಕೋಕೆ ಶುರು ಮಾಡಿದ್ದಳು. ಸುಮ್ನೆ, ಯಾರಿಗೂ ಹೇಳದೆ. ಮದುವೆಗೆ ಹೋದದ್ದು, ಪೋಷಕರ ಸಭೆ, ಊರ ಹಬ್ಬ, ಇನ್‌ಸ್ಪೆಕ್ಷನ್, ಅದೂ ಬರೆದಿದ್ದಳು. ಒಂದು ರಾತ್ರಿ ಕ್ಯಾಲೆಂಡರನ್ನೇ ಕಿತ್ತು ತಂದು ಹಾಸಿಗೆ ಮೇಲೆ ಹರಡಿದಳು. ಒಂದೊಂದು ಓಡಾಟದ ಮಾರನೇ ದಿನ ಅಥವಾ ಅದರ ಮಾರನೇ ದಿನ ಸೊನ್ನೆ. ಓಡಾಟ ದೊಡ್ಡದಾದಷ್ಟೂ ಸೊನ್ನೆಗಳ ಸಾಲು ಉದ್ದ. ಓಡಾಟ ಇಲ್ಲದ ವಾರ ಸೊನ್ನೆಯೂ ಇಲ್ಲ. ಇಷ್ಟು ಅಚ್ಚುಕಟ್ಟಾದ ದತ್ತಾಂಶ ನನ್ನ ಕ್ಲಾಸಿನ ಮಕ್ಕಳೂ ತಂದುಕೊಟ್ಟಿರಲಿಲ್ಲ.

ಅಷ್ಟರಲ್ಲಿ ಕೊರೊನಾ ಬಂತು, ಎಲ್ಲ ನಿಂತಿತು. ಆನ್‌ಲೈನ್ ಕ್ಲಾಸು ನನ್ನ ಪಾಲಿಗೆ ವರ. ಮಲಗಿಕೊಂಡು ಪಾಠ ಮಾಡುತ್ತಿದ್ದೆ, ಕ್ಯಾಮೆರಾ ಆಫ್. ಸ್ಕೂಲ್ ಮತ್ತೆ ತೆರೆದ ಮೇಲೆ ಮತ್ತೆ ಬಿದ್ದೆ. ಈ ಸಲ ಒಬ್ಬರು ಫಿಸಿಷಿಯನ್, ಸ್ವಲ್ಪ ಬೇಸರದಿಂದಲೇ, ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಹುಚ್ಚು ಅಂತ ಕಳಿಸ್ತಿದ್ದಾರೆ ಅಂತ ಅವ್ವ ಅತ್ತಳು. ನನಗೂ ಕೋಪ ಬಂದಿತ್ತು. ಆದರೂ ಹೋದೆ.

ನನ್ನನ್ನು ಮೊದಲು ನಂಬಿದ್ದು ಅವರೇ, ಆ ಮನೋವೈದ್ಯರು. ಇದನ್ನು ಹೇಳಿದರೆ ಈಗಲೂ ಜನ ನಗುತ್ತಾರೆ.

ಅವರು ಮಾತ್ರೆ, ಟೆಸ್ಟು ಯಾವುದರ ಬಗ್ಗೆಯೂ ಕೇಳಲಿಲ್ಲ. "ನಾಳೆ ಬೆಳಗ್ಗೆ ಎದ್ದಾಗ ಮೈ ಪೂರ್ತಿ ಸರಿಹೋಗಿದ್ರೆ ಏನ್ ಮಾಡ್ತೀರಾ?" ಅಂದರು. ನಾನು ನಿಲ್ಲಿಸದೆ ಹೇಳುತ್ತಾ ಹೋದೆ. ಗದ್ದೆಗೆ ಹೋಗ್ತೀನಿ, ಹತ್ತನೇ ಕ್ಲಾಸಿಗೆ ಬೆಳಗಿನ ಸ್ಪೆಷಲ್ ಕ್ಲಾಸ್ ತಗೋತೀನಿ, ಮಗಳಿಗೆ ಸೈಕಲ್ ಕಲಿಸ್ತೀನಿ, ಕರಿಘಟ್ಟ ಹತ್ತಬೇಕು, ಬೈಕಿನ ಚೈನ್ ಬದಲಾಯಿಸಬೇಕು. ಅವರು ಪೆನ್ನು ಕೆಳಗಿಟ್ಟರು. "ಖಿನ್ನತೆ ಇರೋರಿಗೆ ಈ ಪ್ರಶ್ನೆ ಕೇಳಿದ್ರೆ ಸಾಮಾನ್ಯವಾಗಿ ಉತ್ತರವೇ ಬರಲ್ಲ. ಏನೂ ಬೇಕು ಅನ್ಸಲ್ಲ ಅವರಿಗೆ. ನಿಮಗೆ ಬೇಕು ಅನ್ನೋದು ಬೆಟ್ಟದಷ್ಟಿದೆ, ಮೈ ಕೊಡ್ತಿಲ್ಲ. ಇದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ." ಕ್ಯಾಲೆಂಡರ್ ತೋರಿಸಿದೆ. ಬಹಳ ಹೊತ್ತು ನೋಡಿದರು. ಕೋವಿಡ್ ಆದ ಮೇಲೆ ಇಂಥ ಕಥೆ ಹೇಳಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ ಅಂತ ಹೇಳಿ, ಅಂಥವರನ್ನು ನೋಡುತ್ತಿದ್ದ ಮೈಸೂರಿನದೇ ಒಬ್ಬ ಫಿಸಿಷಿಯನ್‌ಗೆ ಎರಡು ಪುಟದ ಪತ್ರ ಬರೆದರು. ಪತ್ರದ ಕೊನೆಯ ಸಾಲು ಕದ್ದು ಓದಿದೆ: ರೋಗಿ ಹೇಳುತ್ತಿರುವುದನ್ನು ಹೇಳಿದ ಹಾಗೇ ತೆಗೆದುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ, ಅಂತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕೂತು ಮತ್ತೊಮ್ಮೆ ಓದಿದೆ.

ಆ ಫಿಸಿಷಿಯನ್ ಹೆಂಗಸು, ನನಗಿಂತ ಚಿಕ್ಕವರು. ಫೈಲ್ ಪೂರ್ತಿ ತಿರುವಿ ಹಾಕಿ ಒಂದೇ ಪ್ರಶ್ನೆ ಕೇಳಿದರು: "ಇಷ್ಟು ಟೆಸ್ಟ್‌ನಲ್ಲಿ ಒಂದಾದ್ರೂ ನಿಂತ್ಕೊಂಡಿದ್ದಾಗ ಮಾಡಿದ್ದಾ?" ಯೋಚಿಸಿದೆ. ಇಸಿಜಿ ಮಲಗಿಸಿ. ಎಕೋ ಮಲಗಿಸಿ. ರಕ್ತ, ಬಿಪಿ ಎಲ್ಲ ಕೂರಿಸಿ. ನಾನು ಇಷ್ಟು ವರ್ಷ ಹೇಳುತ್ತಿದ್ದದ್ದು ನಿಂತರೆ ಆಗಲ್ಲ ಅಂತ.

ನನ್ನನ್ನು ಹತ್ತು ನಿಮಿಷ ಮಂಚದ ಮೇಲೆ ಮಲಗಿಸಿದರು. ಬೆರಳಿಗೆ ಆಕ್ಸಿಮೀಟರ್, ತೋಳಿಗೆ ಬಿಪಿ ಪಟ್ಟಿ. ಹೃದಯ ಬಡಿತ 68. ಆಮೇಲೆ ಎಬ್ಬಿಸಿ ಗೋಡೆಗೆ ಒರಗಿಸಿ ನಿಲ್ಲಿಸಿದರು. ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದೆ, ಭುಜ ಮಾತ್ರ ಗೋಡೆಗೆ ತಾಗಿರಬೇಕು, ಅಲ್ಲಾಡಬಾರದು, ಮಾತಾಡಬಾರದು. ನರ್ಸ್ ನಿಮಿಷಕ್ಕೊಂದು ಸಲ ಬರೆದುಕೊಂಡರು. ಎರಡನೇ ನಿಮಿಷಕ್ಕೆ 94. ಐದಕ್ಕೆ 105. ಪಾದ ನೋಡಿಕೊಂಡೆ, ನೇರಳೆ ಬಣ್ಣಕ್ಕೆ ತಿರುಗಿತ್ತು. ಎಂಟನೇ ನಿಮಿಷಕ್ಕೆ 114, ಬೆನ್ನಲ್ಲಿ ಬೆವರು, ಕಿವಿಯಲ್ಲಿ ಗುಂಯ್, ಗೋಡೆಯ ಕ್ಯಾಲೆಂಡರಿನ ಅಕ್ಷರ ಕೂಡಿಕೊಂಡವು. ಬಿಪಿ ಮಾತ್ರ ಇದ್ದ ಹಾಗೇ ಇತ್ತು. ನರ್ಸ್ "ಮೇಡಂ, ಕೂರಿಸ್ಲಾ?" ಅಂದರು. ಡಾಕ್ಟರು ನನ್ನ ಮುಖ ನೋಡಿ, "ಇನ್ನೆರಡು ನಿಮಿಷ, ಆಗುತ್ತಾ?" ಅಂತ ಕೇಳಿದರು. ಆಗುತ್ತೆ ಅಂದೆ. ಹತ್ತಕ್ಕೆ 117. ಕೂತೆ. ಒಂದು ಲೋಟ ನೀರು ಕೊಟ್ಟರು.

ನಿಂತ ಹತ್ತು ನಿಮಿಷದೊಳಗೆ ದೊಡ್ಡವರಲ್ಲಿ ಬಡಿತ 30 ಅಥವಾ ಅದಕ್ಕಿಂತ ಜಾಸ್ತಿ ಏರಿ, ಏರಿದಲ್ಲೇ ನಿಂತು, ಬಿಪಿ ಬೀಳದೇ ಇದ್ದು, ಇಂಥ ತೊಂದರೆ ಮೂರು ತಿಂಗಳಿಗಿಂತ ಹೆಚ್ಚು ಇದ್ದರೆ ಅದಕ್ಕೆ ಪಾಟ್ಸ್ ಅಂತ ಹೆಸರು, ಪೂರ್ತಿ ಹೇಳಿದರೆ ಪೋಸ್ಚುರಲ್ ಆರ್ಥೋಸ್ಟ್ಯಾಟಿಕ್ ಟ್ಯಾಕಿಕಾರ್ಡಿಯಾ ಸಿಂಡ್ರೋಮ್. 1993ರಿಂದ ಇರೋ ಹೆಸರು. ರಕ್ತ ಕೆಳಗೆ ಕಾಲಿನಲ್ಲಿ ನಿಂತುಬಿಡುತ್ತೆ, ಮೇಲಕ್ಕೆ ತಳ್ಳೋಕೆ ಹೃದಯ ಓಡುತ್ತೆ, ಆದರೂ ತಲೆಗೆ ಸಾಲದು. ನನ್ನ ಸೂತ್ರ ಮರೆತದ್ದು, ಮಲಗಿದರೆ ವಾಪಸ್ ಬಂದದ್ದು ಅದಕ್ಕೇ. ಬಾಟಲಿ ಹಾಕಿಸಿಕೊಂಡರೆ ಸರಿಹೋಗುತ್ತಿದ್ದದ್ದೂ ಅದಕ್ಕೇ, ರಕ್ತನಾಳದಲ್ಲಿ ನೀರಿನಂಶ ಜಾಸ್ತಿಯಾದರೆ ಕೆಲವು ಗಂಟೆ ತಡೆಯುತ್ತೆ. ಅದನ್ನು ಕೇಳಿ ಡಾಕ್ಟರು, "ಇದನ್ನ ಯಾರಿಗೂ ಹೇಳಿರಲಿಲ್ವಾ?" ಅಂದರು. ಹೇಳಿದ್ದೆ ಮೇಡಂ, ಅಂದೆ.

ಅದು ಅರ್ಧ ಭಾಗ. ಇನ್ನರ್ಧ ಆ ಕ್ಯಾಲೆಂಡರಿನಲ್ಲಿತ್ತು. ಎಂಇ/ಸಿಎಫ್‌ಎಸ್ ಅಂತ ಕರೀತಾರೆ, ಮಯಾಲ್ಜಿಕ್ ಎನ್‌ಸೆಫಲೋಮಯಲೈಟಿಸ್ ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟ ಲೆಕ್ಕದ ಪ್ರಕಾರ ಮೂರು ಇರಲೇಬೇಕು: ಆರು ತಿಂಗಳಿಗೂ ಮೀರಿದ, ಮೊದಲಿನ ಕೆಲಸ ಮಾಡೋಕೆ ಬಿಡದ ಸುಸ್ತು, ಶ್ರಮವಾದ ಮೇಲೆ ಬೀಳೋದು, ಎಷ್ಟು ಮಲಗಿದರೂ ತಾಜಾ ಆಗದ ನಿದ್ದೆ. ಜೊತೆಗೆ ಮಂಕು ತಲೆ ಅಥವಾ ನಿಂತರೆ ಜಾಸ್ತಿಯಾಗೋದು, ಎರಡರಲ್ಲಿ ಒಂದು. ನಡುವಿನ ಆ ಶ್ರಮದ ನಂತರದ ಬೀಳುವಿಕೆಯೇ ಮುಖ್ಯ, ಅದು ಬಹಳ ಸಲ 12ರಿಂದ 48 ಗಂಟೆ ತಡವಾಗಿ ಬರುತ್ತೆ. ನಂದಿಯವರೆಗೆ ಹೋಗಿ ಇಳಿದು ದೋಸೆ ತಿಂದು ಮಂಗಳವಾರ ಬಿದ್ದದ್ದು ನೋಡಿ. ಇದನ್ನು ತೋರಿಸೋ ರಕ್ತ ಪರೀಕ್ಷೆ ಇಲ್ಲ. ಬೇರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಂಡು, ರೋಗಿಯ ಮಾತು ಕೇಳಿಯೇ ತೀರ್ಮಾನಿಸಬೇಕು. ಮಾತು ಕೇಳದಿದ್ದರೆ ತೀರ್ಮಾನವೂ ಇಲ್ಲ. ಅದೇ ವರದಿ ಹೇಳೋ ಹಾಗೆ ಅಮೆರಿಕದಲ್ಲೇ ಈ ಕಾಯಿಲೆ ಇರೋರಲ್ಲಿ ಶೇ. 84ರಿಂದ 91ರಷ್ಟು ಜನಕ್ಕೆ ಹೆಸರೇ ಸಿಕ್ಕಿರಲಿಲ್ಲ.

ಹೆಸರು ಸಿಕ್ಕ ಮೇಲೆ ಓದೋಕೆ ಶುರು ಮಾಡಿದೆ, ಸ್ವಲ್ಪ ಸ್ವಲ್ಪ, ಮಲಗಿಕೊಂಡು. ಓದಿದಷ್ಟೂ ಸಿಟ್ಟು ಬಂತು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು ಸೇರಿ ಸುಮಾರು 300 ಸಿಬ್ಬಂದಿ ಒಟ್ಟೊಟ್ಟಿಗೆ ಇಂಥದ್ದೇ ಕಾಯಿಲೆ ಬಿದ್ದು ಆಸ್ಪತ್ರೆಯನ್ನೇ ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಹದಿನೈದು ವರ್ಷ ಆದ ಮೇಲೆ, 1970ರಲ್ಲಿ, ಇಬ್ಬರು ಮನೋವೈದ್ಯರು ಹಳೇ ಕೇಸ್ ಶೀಟ್ ಓದಿ ಇದು ಸಾಮೂಹಿಕ ಉನ್ಮಾದ ಅಂತ ಬರೆದರು. ಒಬ್ಬ ರೋಗಿಯನ್ನೂ ಮುಟ್ಟಿ ನೋಡಿರಲಿಲ್ಲ. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಬಿದ್ದವರಲ್ಲಿ ಹೆಂಗಸರು ಜಾಸ್ತಿ ಅನ್ನೋದು. ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲೇ ಎಂಇಯನ್ನು ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು, ಆದರೂ ಮನಸ್ಸಿನದ್ದು ಅನ್ನೋ ಮಾತೇ ಓಡಿತು. ಇನ್ನು ಆ ವಾಕಿಂಗ್. ವಾರ ವಾರ ವ್ಯಾಯಾಮ ಏರಿಸಿ ಅನ್ನೋ ಸಲಹೆ ಯಾವ ಕಾಯಿಲೆಗೆ ಏನು ಚಿಕಿತ್ಸೆ ಅಂತ ಡಾಕ್ಟರಿಗೆ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2007ರ ಮಾರ್ಗಸೂಚಿಯಲ್ಲೇ ಇತ್ತು, 2011ರಲ್ಲಿ ಅದನ್ನು ಬೆಂಬಲಿಸಿ ದೊಡ್ಡ ಅಧ್ಯಯನವೊಂದು ಬಂತು, ಆಮೇಲೆ ಆ ಅಧ್ಯಯನದ ಲೆಕ್ಕಾಚಾರದ ಮೇಲೆ ವರ್ಷಗಟ್ಟಲೆ ಜಗಳ. ಕೊನೆಗೆ 2021ರ ಅಕ್ಟೋಬರಿನಲ್ಲಿ ನೈಸ್ ಆ ಸಲಹೆಯನ್ನು ಕಿತ್ತುಹಾಕಿತು. ಅಂದರೆ ನಾನು ಕುಕ್ಕರಹಳ್ಳಿ ಕೆರೆ ಸುತ್ತುವಾಗ ಡಾಕ್ಟರು ಪುಸ್ತಕದಲ್ಲಿದ್ದದ್ದನ್ನೇ ಹೇಳಿದ್ದರು. ಪುಸ್ತಕ ತಪ್ಪಿತ್ತು. ಅದರ ಬಗ್ಗೆ ನನಗೆ ಈಗ ಕೋಪ ಇಲ್ಲ. ವಾಪಸ್ ಹೋದಾಗ "ಸರಿಯಾಗಿ ಮಾಡಿಲ್ಲ" ಅಂದರಲ್ಲ, ಅದರ ಬಗ್ಗೆ ಇದೆ.

ಓದಿದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಆಸ್ಟ್ರೇಲಿಯಾದ ಡಬ್ಬೋ ಅನ್ನೋ ಊರಿನ ಕೆಲಸ. ದನ, ಕುರಿ, ಹೊಲ, ಸುಮಾರಾಗಿ ನಮ್ಮ ಕಡೆಯ ಥರದ್ದೇ ಊರು. ಅಲ್ಲಿ ಮೂರು ಬೇರೆ ಬೇರೆ ಸೋಂಕು ತಗುಲಿದ 253 ಜನರನ್ನು ಹಿಂಬಾಲಿಸಿ ನೋಡಿದರು, 2006ರಲ್ಲಿ ಪ್ರಕಟವಾಯಿತು. ಆರು ತಿಂಗಳಾದ ಮೇಲೂ ನೂರಕ್ಕೆ ಹನ್ನೊಂದು ಹನ್ನೆರಡು ಜನ ನನ್ನ ಥರ ಉಳಿದಿದ್ದರು. ಯಾರು ಉಳಿಯುತ್ತಾರೆ ಅನ್ನೋದು ಮೊದಲ ಜ್ವರ ಎಷ್ಟು ಜೋರಾಗಿತ್ತು ಅನ್ನೋದರ ಮೇಲೆ ನಿಂತಿತ್ತು, ಮನಸ್ಸಿನ ಸ್ವಭಾವದ ಮೇಲಲ್ಲ. ಆ ಮೂರು ಸೋಂಕುಗಳಲ್ಲಿ ಒಂದು ಸೊಳ್ಳೆಯಿಂದ ಬರುವ ರಾಸ್ ರಿವರ್ ವೈರಸ್. ಅದು ಚಿಕುನ್‌ಗುನ್ಯಾದ ದಾಯಾದಿ, ಒಂದೇ ಕುಲ. ಇದನ್ನು ಓದಿದ ದಿನ ಹೆಂಡತಿಯನ್ನು ಅಡುಗೆ ಮನೆಯಿಂದ ಕೂಗಿ ಕರೆದು ತೋರಿಸಿದೆ. "ಇದಕ್ಕೆ ಆಸ್ಟ್ರೇಲಿಯಾಗೆ ಹೋಗ್ಬೇಕಿತ್ತಾ, ನಮ್ ಬೀದೀಲೇ ಲೆಕ್ಕ ಹಾಕಿದ್ರೆ ಸಿಕ್ತಿತ್ತು" ಅಂದಳು.

ಇನ್ನು ಚಿಕಿತ್ಸೆ. ಎಂಇಯನ್ನು ವಾಸಿ ಮಾಡೋ ಔಷಧಿ ಇಲ್ಲ, ಡಾಕ್ಟರು ಮೊದಲ ದಿನವೇ ಹೇಳಿದರು. ಪಾಟ್ಸ್‌ಗೆ ಒಂದಷ್ಟು ಮಾಡಬಹುದು. ದಿನಕ್ಕೆ ಮೂರು ಲೀಟರ್ ಹತ್ತಿರ ನೀರು, ಓಆರ್‌ಎಸ್, ಊಟದಲ್ಲಿ ಉಪ್ಪು ಜಾಸ್ತಿ. ನನ್ನ ಬಿಪಿ, ಕಿಡ್ನಿ ನೋಡಿ ಹೇಳಿದ್ದು, ಓದಿದವರು ಸುಮ್ನೆ ಉಪ್ಪು ತಿನ್ನೋಕೆ ಹೋಗಬೇಡಿ, ಬಿಪಿ ಇರೋರಿಗೆ ಇದು ವಿಷ. ಸೊಂಟದವರೆಗೆ ಬರುವ ಬಿಗಿ ಸ್ಟಾಕಿಂಗ್ಸ್ ಹಾಕಿಕೊಳ್ಳಬೇಕು, ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಏರಿಸೋದೇ ಒಂದು ದಿನದ ಕೆಲಸ. ಬಡಿತ ಇಳಿಸೋಕೆ ಸಣ್ಣ ಪ್ರಮಾಣದಲ್ಲಿ ಪ್ರೊಪ್ರನೊಲಾಲ್ ಮಾತ್ರೆ. ಮಾವಿನಕಾಯಿ ಉಪ್ಪಿನಕಾಯಿ ಮಜ್ಜಿಗೆ ಜೊತೆ ಎಷ್ಟು ಬೇಕಾದರೂ ತಿನ್ನಿ ಅಂತ ಡಾಕ್ಟರೇ ಹೇಳಿದ್ದು ಈ ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಒಂದೇ ಲಾಭ.

ಎಂಇಗೆ ಇರೋದು ಪೇಸಿಂಗ್. ಮೈ ಕೊಡೋ ಅಷ್ಟರೊಳಗೆ ಬದುಕೋದು, ಅದು ಮುಗಿಯೋ ಮುಂಚೆ ನಿಲ್ಲಿಸೋದು. ಸ್ಕೂಲಿನಲ್ಲಿ ಎತ್ತರದ ಸ್ಟೂಲ್ ಮೇಲೆ ಕೂತು ಪಾಠ ಮಾಡುತ್ತೇನೆ, ಬೋರ್ಡಿನ ಮೇಲೆ ಬರೆಯೋದು ಮಕ್ಕಳು. ಒಂದು ಒಳ್ಳೆಯದಾಯಿತು, ಯಾರಿಗೆ ಬರುತ್ತೆ ಯಾರಿಗೆ ಬರಲ್ಲ ಅಂತ ಮೊದಲಿಗಿಂತ ಬೇಗ ಗೊತ್ತಾಗುತ್ತೆ. ಪೀರಿಯಡ್ ಮಧ್ಯೆ ಲೈಬ್ರರಿಯ ಹಿಂದೆ ಚಾಪೆ ಹಾಸಿ ಮಲಗುತ್ತೇನೆ. ಕೈಗೆ ಬಡಿತ ತೋರಿಸೋ ವಾಚ್ ಇದೆ. ಸಂಖ್ಯೆ ಒಂದು ಮಿತಿ ದಾಟಿದರೆ ಯಾರ ಜೊತೆ ಮಾತಾಡುತ್ತಿದ್ದರೂ ಕೂತುಬಿಡುತ್ತೇನೆ, ರಸ್ತೆ ಬದಿಯಲ್ಲಾದರೂ ಸರಿ. ಮದುವೆಗಳಿಗೆ ಹೋಗಲ್ಲ. ಗದ್ದೆಗೆ ಹೋಗಲ್ಲ. ಸ್ನಾನ ಕೂತು ಮಾಡುತ್ತೇನೆ. ಬೀಳೋದು ಕಡಿಮೆಯಾಗಿದೆ, ಬಿದ್ದರೆ ಬೇಗ ಏಳುತ್ತೇನೆ. ಮೊದಲಿನ ಮೈ ಬಂದಿಲ್ಲ.

ಅಪ್ಪನ ವಿಷಯ ಹೇಳಬೇಕು. ಊರಿಗೆ ಹೋದಾಗ ಒಂದು ಸಂಜೆ ನನ್ನ ಆಕ್ಸಿಮೀಟರ್ ಏನು ಅಂತ ಕೇಳಿದರು. ಜಗಲಿ ಮೇಲೆ ಮಲಗಿ ತೋರಿಸಿದೆ, 70. ಎದ್ದು ಕಂಬಕ್ಕೆ ಒರಗಿ ನಿಂತೆ. ಅವರು ಕನ್ನಡಕ ಏರಿಸಿಕೊಂಡು ಅಂಕಿ ಏರೋದನ್ನೇ ನೋಡುತ್ತಾ ಇದ್ದರು. ನೂರು ದಾಟಿತು. ಯಂತ್ರ ಕೆಟ್ಟಿರಬೇಕು ಅಂತ ತಮ್ಮ ಬೆರಳಿಗೆ ಹಾಕಿಕೊಂಡು ನಿಂತು ನೋಡಿದರು, 74ರಲ್ಲೇ ಕೂತಿತ್ತು. "ನೊಗ ಹೂಡಿಲ್ಲ, ಏನಿಲ್ಲ, ನಿಂತಿದ್ಕೇ ಇಂಗಾ?" ಅಂದರು. ಅಷ್ಟೇ. ಮಾರನೇ ವಾರ ಚಿಕ್ಕಪ್ಪ ಅದೇ ಹಳೇ ಮಾತು ತೆಗೆದಾಗ, "ಸುಮ್ಕಿರ್ಲಾ, ನಿಂಗೇನ್ ಗೊತ್ತು" ಅಂದರಂತೆ.

ಎಲ್ಲ ಡಾಕ್ಟರೂ ಈಗ ನಂಬುತ್ತಾರೆ ಅಂತಲ್ಲ. ಈಚೆಗೆ ಇನ್ನೊಂದು ತೊಂದರೆಗೆ ಹೋದಾಗ ಒಬ್ಬರು ಪಾಟ್ಸ್ ಅನ್ನೋ ಪದ ಕೇಳಿ, "ಗೂಗಲ್ ಮಾಡಿದ್ರಾ?" ಅಂದರು. ನಾನು ಒಂದು ಹಾಳೆ ಇಟ್ಟುಕೊಂಡಿರುತ್ತೇನೆ. ಮಲಗಿದಾಗಿನ ಬಡಿತ, ನಿಂತಾಗಿನ ಬಡಿತ, ಬಿಪಿ, ತಗೊಳ್ಳೋ ಮಾತ್ರೆ, ನನ್ನ ಡಾಕ್ಟರ ಪತ್ರ. ಮಾತಿನಲ್ಲಿ ಸುಸ್ತು ಅನ್ನೋದನ್ನು ಬಿಟ್ಟೇಬಿಟ್ಟಿದ್ದೇನೆ. "ಹತ್ತು ನಿಮಿಷ ನಿಂತರೆ ಬಡಿತ 117, ಅರ್ಧ ಗಂಟೆ ನಡೆದರೆ ನಾಳೆ ಇಡೀ ದಿನ ಎದ್ದೇಳೋಕಾಗಲ್ಲ" ಅಂತ ಹೇಳುತ್ತೇನೆ. ಅಂಕಿ ಹೇಳಿದರೆ ಡಾಕ್ಟರ ಪೆನ್ನು ಓಡುತ್ತೆ. ಹೆಂಡತಿ ಜೊತೆಗೆ ಬಂದರೆ ಇನ್ನೂ ಒಳ್ಳೆಯದು, ನಾನು ಹೇಳಿದ್ದನ್ನೇ ಅವಳು ಹೇಳಿದರೆ ಬರೆದುಕೊಳ್ಳುತ್ತಾರೆ. ಇದು ಸರಿಯಲ್ಲ, ಆದರೆ ಹೀಗಿದೆ. ನಮ್ಮ ಬೀದಿಯ ಇಬ್ಬರು ಹೆಂಗಸರಿಗೂ ಜ್ವರ ಆದ ಮೇಲೆ ಹೀಗೇ ಆಗಿದೆ, ಅವರಿಗೆ ರಕ್ತ ಕಮ್ಮಿ ಅಂತಲೋ ಮುಟ್ಟು ನಿಲ್ಲೋ ವಯಸ್ಸು ಅಂತಲೋ ಹೇಳಿ ಕಳಿಸುತ್ತಲೇ ಇದ್ದಾರೆ. ಒಬ್ಬರಿಗೆ ಗೋಡೆಗೆ ಒರಗಿ ಬಡಿತ ಅಳೆದುಕೊಳ್ಳೋದು ಹೇಳಿಕೊಟ್ಟಿದ್ದೇನೆ, ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು, ತಲೆ ತಿರುಗಿದರೆ ತಕ್ಷಣ ಕೂರಬೇಕು ಅಂತ ಹೇಳಿ. ಅವರ ಅಂಕಿ ನನ್ನದಕ್ಕಿಂತ ಮೇಲೆ ಹೋಯಿತು. ಬರುವ ಗುರುವಾರ ನನ್ನ ಡಾಕ್ಟರ ಹತ್ತಿರವೇ ಅವರಿಗೂ ಟೋಕನ್ ತೆಗೆದಿದ್ದೇವೆ. ಮೈಸೂರಿಗೆ ರೈಲು ಬೇಡ, ಸೀಟು ಸಿಗದಿದ್ದರೆ ಇಬ್ಬರಿಗೂ ಕಷ್ಟ, ಅವರ ಅಳಿಯನ ಕಾರಿನಲ್ಲಿ ಹೋಗೋಣ ಅಂತ ಮಾತಾಗಿದೆ.